ಓಪಿಡಿ ಚೀಟಿಯ ‘ಮುಂದಿನ ತಾರೀಖು’ ಅವರಿಗೆ ಒಂದು ಬಹಿರಂಗ ಪತ್ರ

ಮಹಾರಾಜಶ್ರೀ ಮುಂದಿನ ತಾರೀಖಿನವರ ಸನ್ನಿಧಾನಕ್ಕೆ,

ಕುಡಿತ ಬಿಡಲೆಂದು ತಮ್ಮ ಬಳಿ ಬರುವವನೊಬ್ಬನ ಅಕ್ಕ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಮ್ಮನ್ನು ಅರಿಯದ ಓದುಗರಿಗಾಗಿ ಮೊದಲು ತಮ್ಮ ಪರಿಚಯ ಹೇಳಲು ಅಪ್ಪಣೆಯಾಗಬೇಕು. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದ ಮುಂದೆ ಸರತಿ ನಿಂತು, ಒಳಗೆ ಹೋಗಿ ನಾಲ್ಕು ಮಾತಾಡಿ, ಮಾತ್ರೆ ಬರೆಸಿಕೊಂಡು ಹೊರಬರುವವರ ಚೀಟಿಯ ಕೆಳಮೂಲೆಯಲ್ಲಿ ತಾವು ಇರುತ್ತೀರಿ. ‘ಎರಡು ವಾರ ಬಿಟ್ಟು ಬನ್ನಿ’ ಎಂದು ಡಾಕ್ಟರು ಬಾಯಲ್ಲಿ ಹೇಳುವುದನ್ನು ತಾವು ಶಾಯಿಯಲ್ಲಿ ಹೇಳುತ್ತೀರಿ. ಡಾಕ್ಟರ ಮೇಲೆ, ನರ್ಸಮ್ಮನ ಮೇಲೆ, ಚೀಟಿ ಬರೆಯುವವರ ಮೇಲೆ ನನಗೆ ದೂರಿಲ್ಲ. ಒಂದು ಬೆಳಗ್ಗೆಯಲ್ಲಿ ಅಷ್ಟು ಜನರನ್ನು ನೋಡುವವರ ಕಷ್ಟ ಬೆಂಚಿನ ಮೇಲೆ ಕೂತವರಿಗೆ ಕಾಣುತ್ತದೆ. ಅದಕ್ಕೇ ಈ ಪತ್ರ ತಮಗೆ. ಡಾಕ್ಟರು ರೋಗಿಯ ಜೊತೆ ಇರುವುದು ಕೆಲವೇ ನಿಮಿಷ, ಉಳಿದ ಎರಡು ವಾರವೂ ರೋಗಿ ತಮ್ಮ ಸುಪರ್ದಿನಲ್ಲೇ ಇರುತ್ತಾನೆ.

ಆ ಎರಡು ವಾರ ತಾವು ಏನು ಮಾಡುತ್ತೀರಿ ಎಂಬುದೇ ನನ್ನ ಪ್ರಶ್ನೆ.

ಮೊದಲು ಕೃತಜ್ಞತೆ. ಆಸ್ಪತ್ರೆಗೆ ಸೇರದೆ, ಮನೆಯಲ್ಲೇ ಇದ್ದು, ಕೆಲಸಕ್ಕೆ ಹೋಗಿಬರುತ್ತಲೇ ಕುಡಿತದ ಚಿಕಿತ್ಸೆ ಪಡೆಯಬಹುದು ಎಂಬುದನ್ನು ನಮ್ಮಂಥವರಿಗೆ ತಿಳಿಸಿಕೊಟ್ಟವರು ತಾವು. ನಮ್ಮ ಕಡೆ ಇಂದಿಗೂ ಡೀ-ಅಡಿಕ್ಷನ್ ಎಂದರೆ ಎಲ್ಲೋ ಒಂದು ಕಾಂಪೌಂಡಿನೊಳಗೆ ತಿಂಗಳುಗಟ್ಟಲೆ ಕೂಡಿಹಾಕುವುದು ಎಂದೇ ಜನ ತಿಳಿದಿದ್ದಾರೆ. ಬಹುಪಾಲು ಜನರಿಗೆ ಅದು ಬೇಕಿಲ್ಲ. ಕೈನಡುಕ, ಬೆವರು, ನಿದ್ದೆಗೇಡಿಗೆ ವಾರ ಹತ್ತು ದಿನ ಮಾತ್ರೆ, ಬಿ ವಿಟಮಿನ್ ಇಂಜೆಕ್ಷನ್ನು, ಆಮೇಲೆ ಕುಡಿಯುವ ಆಸೆ ತಗ್ಗಿಸುವ ಮಾತ್ರೆ, ಜೊತೆಗೆ ಕೌನ್ಸೆಲಿಂಗು. ಅಸಲು ಚಿಕಿತ್ಸೆ ಶುರುವಾಗುವುದೇ ಕೈನಡುಕ ನಿಂತ ಮೇಲೆ. ಅದು ತಿಂಗಳುಗಳ ಕೆಲಸ, ಕೆಲವರಿಗೆ ವರ್ಷಗಳದ್ದು. ಹಾಗಾಗಿ ಮತ್ತೆ ಮತ್ತೆ ಬರುವುದೇ ಇಲ್ಲಿ ಮುಖ್ಯವಾದ ಔಷಧ. ಆ ಔಷಧದ ಹೊಣೆಯನ್ನು ಚೀಟಿಯ ಮೂಲೆಯ ಒಂದು ಅಂಕಿಯಾದ ತಮಗೆ ಒಪ್ಪಿಸಿ ಎಲ್ಲರೂ ನಿಶ್ಚಿಂತೆಯಿಂದ ಇದ್ದಾರೆ.

ತಮ್ಮ ಬಳಿಗೆ ಬಂದವನು ಎಷ್ಟು ಅಪರೂಪದವನು ಎಂಬುದನ್ನು ತಾವು ಒಮ್ಮೆ ಎಣಿಸಿ ನೋಡಬೇಕೆಂದು ಬೇಡುತ್ತೇನೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡಿರುವ 38 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ನಮ್ಮ ನಿಮ್ಹಾನ್ಸ್ ಮುಂದೆ ನಿಂತು ಮಾಡಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ಕುಡಿತದ ತೊಂದರೆಯಿದ್ದ ನೂರರಲ್ಲಿ 86 ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಆ 38ರಲ್ಲಿ ಉಳಿದ 37 ಜನ ಮನೆಯಲ್ಲೋ ಅಂಗಡಿಯ ಮುಂದೋ ಇರುವಾಗ, ಒಬ್ಬ ನಾಚಿಕೆ ನುಂಗಿಕೊಂಡು, ಊರವರ ಕಣ್ಣು ತಪ್ಪಿಸಿ ತಮ್ಮ ಬೆಂಚಿಗೆ ಬಂದು ಕೂತಿರುತ್ತಾನೆ. ಅವನು ಎರಡನೇ ಸಲ ಬಾರದೆ ಹೋದರೆ ಅದು ಆಸ್ಪತ್ರೆಗೆ ದೊಡ್ಡ ನಷ್ಟ ಅನಿಸಬೇಕಿತ್ತು. ಆದರೆ ಕಡತದಲ್ಲಿ ‘ಬರಲಿಲ್ಲ’ ಎಂದು ಬರೆದು, ಆ ಹಾಳೆ ಮಗುಚುತ್ತಾರೆ.

ತಾವು ಸದಾ ಮಂಗಳವಾರವೇ ದಯಮಾಡಿಸುವುದಕ್ಕೂ ನಾವು ಋಣಿಗಳು. ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಮೊದಲು ಜಿಲ್ಲಾ ಕೇಂದ್ರಕ್ಕೇ ಹೋಗಬೇಕಿದ್ದ ಜನಕ್ಕೆ ಇದು ದೊಡ್ಡ ಉಪಕಾರ, ಮನಸ್ಸಾರೆ ಹೇಳುತ್ತೇನೆ. ಆದರೆ ನಮ್ಮೂರ ಸಂತೆಯೂ ಮಂಗಳವಾರವೇ. ನನ್ನ ತಮ್ಮ ಮೋಟಾರ್ ವೈಂಡಿಂಗ್ ಮಾಡುವವನು. ಸುತ್ತಲ ಹಳ್ಳಿಯ ರೈತರು ಸುಟ್ಟ ಪಂಪ್‌ಸೆಟ್ ಮೋಟಾರುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬರುವುದು ಸಂತೆಯ ದಿನವೇ. ಅವತ್ತು ಅವನ ಅಂಗಡಿ ಬಾಗಿಲು ಹಾಕಿದ್ದರೆ ಮೋಟಾರು ಪಕ್ಕದ ಅಂಗಡಿಗೆ ಹೋಗುತ್ತದೆ, ಮುಂದಿನ ಸಲವೂ ಅಲ್ಲಿಗೇ ಹೋಗುತ್ತದೆ. ಗಾರೆ ಕೆಲಸದವರಿಗೆ, ಹಮಾಲರಿಗೆ ಒಂದು ದಿನದ ಕೂಲಿ ಹೋಯಿತು. ಮೇಸ್ತ್ರಿ ಹತ್ತಿರ ಎರಡು ಸಲ ರಜೆ ಕೇಳಬಹುದು, ಮೂರನೆಯ ಸಲ ಅವನ ಜಾಗದಲ್ಲಿ ಇನ್ನೊಬ್ಬ ಇರುತ್ತಾನೆ. ಕುಡಿತ ಬಿಟ್ಟವನಿಗೆ ಮೊದಲ ತಿಂಗಳುಗಳಲ್ಲಿ ಬೇಕಾದದ್ದು ಕೆಲಸ, ಕೈಯಲ್ಲಿ ತನ್ನದೇ ದುಡಿಮೆಯ ನಾಲ್ಕು ಕಾಸು, ಮನೆಯವರ ಎದುರು ತಲೆಯೆತ್ತಿ ಕೂರುವ ಧೈರ್ಯ. ಚಿಕಿತ್ಸೆ ಬೇಕಾದರೆ ಆ ಕೆಲಸಕ್ಕೇ ರಜೆ ಹಾಕಿ ಬಾ ಎನ್ನುತ್ತೀರಿ. ಸಂಜೆ ಆರರ ಮೇಲೆ, ಇಲ್ಲವೇ ಭಾನುವಾರ ಬೆಳಗ್ಗೆ ಒಂದೆರಡು ಗಂಟೆ ತಾವು ದರ್ಶನ ಕೊಡಲು ಸಾಧ್ಯವೇ ಎಂದು ಕೈಮುಗಿದು ಕೇಳುತ್ತಿದ್ದೇನೆ. ಮದ್ಯದ ಅಂಗಡಿ ಬೆಳಗ್ಗೆ ತೆರೆದರೆ ರಾತ್ರಿಯವರೆಗೂ ತೆರೆದೇ ಇರುತ್ತದೆ. ಚೀಟಿ ಕೌಂಟರು ಮಧ್ಯಾಹ್ನದೊಳಗೇ ಮುಚ್ಚುತ್ತದೆ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಹಾಗಾಗಿ ಗಂಡ ಕೆಲಸ ಬಿಟ್ಟು ಬರಲಾಗದಿದ್ದಾಗ ಹೆಂಡತಿ ಚೀಟಿ ಹಿಡಿದು ಬರುತ್ತಾಳೆ. ಬೆಂಚಿನ ಮೇಲೆ ಅಂಥವರು ಪ್ರತಿ ಮಂಗಳವಾರ ಕಾಣುತ್ತಾರೆ. ‘ಪೇಷಂಟ್ ಎಲ್ಲಮ್ಮಾ? ಪೇಷಂಟ್ ಇಲ್ದೆ ಮಾತ್ರೆ ಕೊಡೋಕಾಗಲ್ಲ’ ಎಂದು ಅವರನ್ನು ಹಿಂದಕ್ಕೆ ಕಳಿಸುತ್ತಾರೆ. ರೋಗಿಯನ್ನು ನೋಡದೆ ಮಾತ್ರೆ ಕೊಡಬಾರದು ಎಂಬ ನಿಯಮಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಆ ಹೆಂಗಸನ್ನು ಐದು ನಿಮಿಷ ಕೂರಿಸಿ ‘ಹೇಗಿದ್ದಾನೆ, ನಿದ್ದೆ ಬರುತ್ತಾ, ನೀವು ಹೇಗಿದ್ದೀರಿ’ ಎಂದು ಕೇಳಲು ಯಾವ ನಿಯಮ ಅಡ್ಡ ಬರುತ್ತದೆ? ಅವಳ ಮೊಬೈಲಿನಿಂದಲೇ ಗಂಡನಿಗೆ ಒಂದು ಕರೆ ಮಾಡಿ ಮಾತಾಡಬಹುದಲ್ಲ? ಬರಿಗೈಯಲ್ಲಿ ಹೊರಬಿದ್ದವಳಿಗೆ ಬಸ್‌ಸ್ಟ್ಯಾಂಡಿನ ಕಾಂಪೌಂಡಿನ ಮೇಲೆ ‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಜಾಹೀರಾತು ಕಾಣುತ್ತದೆ. ಅಲ್ಲಿ ಯಾರೂ ಅವಳನ್ನು ಹಿಂದಕ್ಕೆ ಕಳಿಸುವುದಿಲ್ಲ. ಅಲ್ಲಿಂದ ತಂದು, ಗಂಡನಿಗೆ ಹೇಳದೆ ಸಾರಿನಲ್ಲಿ ಬೆರೆಸಿದ ಪುಡಿಯಲ್ಲಿ ಡೈಸಲ್ಫಿರಾಂನಂಥ ಔಷಧವಿದ್ದು, ಅವನು ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಅಪಾಯ. ಅದು ತಿಳಿದೂ ಆ ಗೋಡೆಯನ್ನು ಹಾಗೇ ಬಿಟ್ಟಿದ್ದೇವೆ.

ಇನ್ನೊಂದು ಉಪಕಾರವನ್ನು ಮರೆಯಲಾರೆ. ‘ನಡಿ ಅಕ್ಕ, ಹೋಗೋಣ, ಸಾಕಾಗಿದೆ’ ಎಂದು ನನ್ನ ತಮ್ಮ ಮೊದಲ ಸಲ ತಾನಾಗಿ ಹೇಳಿದ್ದು ಒಂದು ಗುರುವಾರ. ಆವತ್ತೇ ಹೋದೆವು. ‘ಮನೋವೈದ್ಯರು ಮಂಗಳವಾರ ಬರ್ತಾರೆ’ ಎಂದು ತಮ್ಮನ್ನು ಬರೆದು ಕೊಟ್ಟರು. ಕುಡಿಯುವವನ ಮನೆಯವರಿಗೆಲ್ಲ ಗೊತ್ತಿರುವ ಒಂದು ಸಂಗತಿಯುಂಟು: ಆ ‘ಸಾಕಾಗಿದೆ’ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗುರುವಾರದ ಮನಸ್ಸು ಶನಿವಾರಕ್ಕೆ ಇರುವುದಿಲ್ಲ. ಇದ್ದರೂ ಅಪಾಯವೇ. ದಿನವೂ ಕುಡಿಯುವವನು ಯಾರ ಸಹಾಯವೂ ಇಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವ ಹೋಗಬಹುದು. ಅಂದರೆ ಮಂಗಳವಾರದವರೆಗೆ ಕುಡಿಯುತ್ತಲೇ ಇರು, ಇಲ್ಲವೇ ನಿಲ್ಲಿಸಿ ಫಿಟ್ಸ್ ತಂದುಕೋ ಎಂದು ತಾವು ಅವನಿಗೆ ಹೇಳಿದಂತಾಯಿತು. ಬಾಗಿಲಿಗೆ ಬಂದ ದಿನವೇ ಕೈ ಹಿಡಿದರೆ ಏನಾಗುತ್ತದೆ ಎಂಬುದು ಲೋಕಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. 1960ರ ದಶಕದ ಆರಂಭದಲ್ಲೇ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರಿಸ್ ಚಾಫೆಟ್ಜ್ ಎಂಬ ಮನೋವೈದ್ಯರು, ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ಕುಡಿತದ ರೋಗಿಗಳನ್ನು ಅಲ್ಲೇ, ಆಗಲೇ ಒಬ್ಬರು ಹೋಗಿ ಮಾತಾಡಿಸಿ, ಅವರ ಬೆನ್ನಿಗೆ ನಿಲ್ಲುವಂತೆ ಏರ್ಪಾಡು ಮಾಡಿದರು. ಹಾಗೆ ಮಾಡಿದ ಗುಂಪಿನಲ್ಲಿ ನೂರಕ್ಕೆ 65 ಜನ ಮದ್ಯವ್ಯಸನ ವಿಭಾಗಕ್ಕೆ ಬಂದರು. ಎಂದಿನ ರೂಢಿಯಂತೆ ಕಳಿಸಿಕೊಟ್ಟ ಗುಂಪಿನಿಂದ ಬಂದವರು 5 ಜನ. ಎರಡೂ ಗುಂಪಿನವರು ಅದೇ ಆಸ್ಪತ್ರೆಯ ಅದೇ ಬಗೆಯ ರೋಗಿಗಳು. 65 ಜನರ ಮನಸ್ಸು ಗಟ್ಟಿ, ಉಳಿದವರದು ಸಡಿಲ ಎಂದು ಯಾರು ಹೇಳಲಾದೀತು?

ತಮ್ಮ ದಿನ ಬಂದು, ಸರತಿ ಕಳೆದು ಒಳಗೆ ಹೋದಾಗ ಎದುರಿಗೆ ಸಿಗುವವರು ಪ್ರತಿ ಸಲ ಹೊಸಬರು. ಹೊಸಬರ ಎದುರು ಮತ್ತೆ ಮೊದಲಿನಿಂದ ಹೇಳಬೇಕು: ಯಾವಾಗ ಶುರು, ದಿನಕ್ಕೆ ಎಷ್ಟು, ಹೆಂಡತಿಗೆ ಹೊಡೆದಿದ್ದೀಯಾ, ಮನೆಯ ಒಡವೆ ಮಾರಿದ್ದೀಯಾ. ಬಾಗಿಲು ಅರ್ಧ ತೆರೆದೇ ಇರುತ್ತದೆ, ಹಿಂದಿನವನು ಹೆಗಲ ಮೇಲೆ ಬಗ್ಗಿ ನಿಂತಿರುತ್ತಾನೆ. ತನ್ನ ಬದುಕಿನ ಅತಿ ನಾಚಿಕೆಯ ಸಂಗತಿಗಳನ್ನು ಹದಿನೈದು ದಿನಕ್ಕೊಮ್ಮೆ ಒಬ್ಬ ಅಪರಿಚಿತರಿಗೆ ಒಪ್ಪಿಸಬೇಕಾದ ವ್ರತವನ್ನು ಯಾರು ಎಷ್ಟು ಕಾಲ ನಡೆಸಿಯಾರು? ಹೋದ ಸಲ ಏನು ಹೇಳಿದ್ದ ಎಂಬುದು ಚೀಟಿಯಲ್ಲಿ ಒಂದು ಸಾಲಾದರೂ ಇದ್ದು, ‘ಆ ಮೋಟಾರ್ ಅಂಗಡಿಯ ಬಾಡಿಗೆ ವಿಷಯ ಏನಾಯ್ತು?’ ಎಂದು ಒಬ್ಬರು ಕೇಳಿದರೆ ಸಾಕು, ಅವನು ಮುಂದಿನ ಸಲ ಬರುತ್ತಾನೆ. ಇದು ನನ್ನ ಊಹೆಯಲ್ಲ, ಕಣ್ಣಾರೆ ನೋಡಿದ್ದು. ಒಬ್ಬ ಕೌನ್ಸೆಲರ್ ಹುಡುಗಿ ಹಾಗೆ ಕೇಳುತ್ತಿದ್ದಳು. ಗುತ್ತಿಗೆ ಕೆಲಸದವಳು. ಅವಳಿದ್ದಷ್ಟು ಕಾಲ ನನ್ನ ತಮ್ಮ ತಮ್ಮನ್ನು ಹೆಚ್ಚುಕಡಿಮೆ ತಪ್ಪಿಸಲಿಲ್ಲ. ಅವಳ ಗುತ್ತಿಗೆ ಮುಗಿಯಿತು, ಆ ಕುರ್ಚಿ ಬಹಳ ದಿನ ಖಾಲಿ ಇತ್ತು. ತಾವು ಮಾತ್ರ ಚೀಟಿಯ ಮೇಲೆ ಎಂದಿನಂತೆ ಬರುತ್ತಲೇ ಇದ್ದಿರಿ.

ದನಿಯ ವಿಷಯವನ್ನೂ ಅರಿಕೆ ಮಾಡಬೇಕು. ‘ಮತ್ತೆ ಕುಡಿದ್ಯಾ? ನಾಚ್ಕೆ ಆಗಲ್ವಾ? ಹೆಂಡ್ತಿ ಮಕ್ಕಳ ಮುಖ ನೋಡಿದ್ದೀಯಾ?’ ಇದೆಲ್ಲ ಅವನ ಒಳ್ಳೆಯದಕ್ಕೇ ಎಂದು ಬೈಯುವವರು ತಿಳಿದಿರುತ್ತಾರೆ. ಚಾಫೆಟ್ಜ್ ಮತ್ತು ಜೊತೆಯವರು 1967ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕುಡಿತದ ರೋಗಿಗಳನ್ನು ನೋಡಿದ ಅನುಭವದ ಬಗ್ಗೆ ಡಾಕ್ಟರುಗಳನ್ನು ಮಾತಾಡಿಸಿ, ಧ್ವನಿಮುದ್ರಿಸಿ, ದನಿಯಲ್ಲಿ ಸಿಟ್ಟು ಎಷ್ಟಿದೆ ಎಂದು ಬೇರೆಯವರಿಂದ ಅಳೆಸಿದರು. ಯಾರ ದನಿಯಲ್ಲಿ ಸಿಟ್ಟು ಹೆಚ್ಚಿತ್ತೋ ಅವರು ಕಳಿಸಿಕೊಟ್ಟ ರೋಗಿಗಳು ಚಿಕಿತ್ಸೆಗೆ ಹೋದದ್ದು ಕಡಿಮೆ. ಆಮೇಲೆ 1993ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು ಕಂಡದ್ದೂ ಅಂಥದ್ದೇ. ಆಪ್ತಸಲಹೆಗಾರರು ಎದುರುಬಿದ್ದು ವಾದಿಸಿದಷ್ಟೂ ರೋಗಿ ವರ್ಷದ ನಂತರ ಹೆಚ್ಚು ಕುಡಿಯುತ್ತಿದ್ದ. ಕುಡಿಯುವವನಿಗೆ ಬೈಗುಳ ಹೊಸದಲ್ಲ. ಅಪ್ಪ, ಮಾವ, ಮೇಸ್ತ್ರಿ, ಪೊಲೀಸು ಎಲ್ಲರೂ ಉಚಿತವಾಗಿ ಕೊಟ್ಟಿರುತ್ತಾರೆ. ಬಸ್ಸು ಹತ್ತಿ ಆಸ್ಪತ್ರೆಗೆ ಬರುವುದು ಬೇರೆ ಏನಾದರೂ ಸಿಕ್ಕೀತೆಂದು.

ಇನ್ನು ಹೇಳುವ ದೂರು ಎಲ್ಲಕ್ಕಿಂತ ದೊಡ್ಡದು, ಹೇಳುವಾಗ ಗಂಟಲು ಕಟ್ಟುತ್ತದೆ. ‘ಕುಡಿದು ಬಂದರೆ ನೋಡಲಾಗುವುದಿಲ್ಲ’ ಎಂದು ಬಾಗಿಲಿಗೆ ಅಂಟಿಸಿದ್ದಾರೆ. ಗಲಾಟೆ ಮಾಡುವವರಿಂದ ಉಳಿದ ರೋಗಿಗಳನ್ನು ಕಾಪಾಡಬೇಕು, ಸರಿ. ಆದರೆ ಆ ಕಾಗದ ಓದುವವನು ತಿಳಿದುಕೊಳ್ಳುವುದು ಏನೆಂದರೆ, ನಡುವೆ ಒಂದು ದಿನ ಜಾರಿದ್ದರೂ ಇಲ್ಲಿ ತನಗೆ ಮುಖವಿಲ್ಲ. ಹಬ್ಬಕ್ಕೋ ತಿಥಿಗೋ ಹೋದವನು ಒಂದು ಕ್ವಾರ್ಟರ್ ಹಾಕಿರುತ್ತಾನೆ. ಮಾರನೆಯ ವಾರ ತಾವು. ಚೀಟಿ ಕೈಯಲ್ಲಿ ಹಿಡಿದು ‘ಏನಂತ ಹೋಗ್ಲಿ’ ಎಂದು ಕೂರುತ್ತಾನೆ. ತಾವು ಕಳೆದುಹೋಗುತ್ತೀರಿ. ಕಳೆದುಹೋದ ತಾರೀಖಿನ ಚೀಟಿ ಹಿಡಿದು ಹೋಗುವುದು ಇನ್ನೂ ಕಷ್ಟ, ಅದಕ್ಕೂ ಬೈಸಿಕೊಳ್ಳಬೇಕು. ಹೀಗೆ ಒಂದು ಕ್ವಾರ್ಟರಿನಿಂದ ಚಿಕಿತ್ಸೆಯೇ ನಿಂತುಹೋಗುತ್ತದೆ. ಸಕ್ಕರೆ ಕಾಯಿಲೆಯವನು ಮದುವೆ ಮನೆಯಲ್ಲಿ ಹೋಳಿಗೆ ತಿಂದು ಶುಗರ್ ಏರಿಸಿಕೊಂಡು ಬಂದರೆ ಅವನನ್ನು ಬೇಗ ನೋಡುತ್ತಾರೆ, ಮಾತ್ರೆ ಬದಲಿಸುತ್ತಾರೆ. 2000ದಲ್ಲಿ ಥಾಮಸ್ ಮೆಕ್‌ಲೆಲ್ಲನ್ ಮತ್ತು ಇತರರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವ್ಯಸನವನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾಗಳ ಪಕ್ಕದಲ್ಲಿಟ್ಟು ನೋಡಿದರು. ಔಷಧ ಬಿಡುವುದು, ಕಾಯಿಲೆ ಮರುಕಳಿಸುವುದು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. ಮರುಕಳಿಸಿತೆಂದು ರೋಗಿಯನ್ನು ಹೊರಗೆ ನಿಲ್ಲಿಸುವುದು ಕುಡಿತದವರಿಗೆ ಮಾತ್ರ. ಜಾರಿದ ದಿನವೇ ಬರಬೇಕಾದ ದಿನ ಎಂದು ತಾವು ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಆ ಕಾಗದವನ್ನು ಅದೇ ಬಾಗಿಲಿಗೆ ಅಂಟಿಸಲು ಗೋಂದು ನಾನು ತಂದುಕೊಡುತ್ತೇನೆ.

ಬಂದವನಿಗೆ ಮಾತ್ರೆ ಇರಬೇಕಲ್ಲ? ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂದು ತಾವಿರುವ ಚೀಟಿಯ ಹಿಂಬದಿಯಲ್ಲೇ ಬರೆದು ಕೊಡುತ್ತಾರೆ. ಆಸೆ ತಗ್ಗಿಸುವ ಮಾತ್ರೆಗಳು ಊರ ಮೆಡಿಕಲ್ ಶಾಪಿನಲ್ಲಿ ಸಿಗುವುದೇ ಅಪರೂಪ, ಸಿಕ್ಕರೆ ಬೆಲೆ ಹೆಚ್ಚು. ಮದ್ಯದ ಚಿಕಿತ್ಸೆಯಲ್ಲಿ ಇದು ಹಿನ್ನಡೆ, ಹೆರಾಯಿನ್‌ನಂಥ ಅಫೀಮು ಜಾತಿಯ ವ್ಯಸನದಲ್ಲಿ ಇದು ಸಾವು. ಸ್ಟಾಕ್‌ಹೋಮ್‌ನಲ್ಲಿ 40 ಜನ ಹೆರಾಯಿನ್ ವ್ಯಸನಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲರಿಗೂ ಆಪ್ತಸಲಹೆ ಇತ್ತು. ಅರ್ಧ ಜನರಿಗೆ ಆ ವ್ಯಸನಕ್ಕೆ ಕೊಡುವ ಬ್ಯೂಪ್ರೆನಾರ್ಫಿನ್ ಔಷಧ ಮುಂದುವರಿಸಿದರು, ಉಳಿದರ್ಧಕ್ಕೆ ಕೆಲವು ದಿನ ಕೊಟ್ಟು ನಿಲ್ಲಿಸಿ ಔಷಧವಿಲ್ಲದ ಮಾತ್ರೆ ಕೊಟ್ಟರು. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 75 ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೆಯ ಗುಂಪಿನಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ತೀರಿಕೊಂಡಿದ್ದರು. ಔಷಧವಿದ್ದರೆ ಬರುತ್ತಾರೆ, ಇಲ್ಲದಿದ್ದರೆ ಬರುವುದಿಲ್ಲ, ಎಷ್ಟು ಬುದ್ಧಿ ಹೇಳಿದರೂ ಅಷ್ಟೇ. 2020ರ ಲಾಕ್‌ಡೌನ್‌ನಲ್ಲಿ ಪಂಜಾಬಿನಲ್ಲಿ ಅದುವರೆಗೆ ಎದುರಿಗೇ ನುಂಗಿಸುತ್ತಿದ್ದ ಬ್ಯೂಪ್ರೆನಾರ್ಫಿನ್ ಮಾತ್ರೆಯನ್ನು ಹಲವು ದಿನಕ್ಕಾಗುವಷ್ಟು ಮನೆಗೇ ಕೊಡತೊಡಗಿದರು. ದಿನವೂ ಬಸ್ಸು ಹಿಡಿದು ಬರಬೇಕಾದವನಿಗೆ ಆ ಒಂದು ಬದಲಾವಣೆ ಎಷ್ಟು ದೊಡ್ಡದೆಂದು ಹೊಲಮನೆ ಕೆಲಸ ಮಾಡುವವರನ್ನು ಕೇಳಬೇಕು.

ಹೆಣ್ಣುಮಕ್ಕಳೂ ಕುಡಿತಕ್ಕೆ, ನಿದ್ದೆ ಮಾತ್ರೆಗೆ ಸಿಕ್ಕಿಕೊಂಡಿರುತ್ತಾರೆ. ತಮ್ಮ ಬೆಂಚಿನ ಮೇಲೆ ಅವರನ್ನು ನಾನು ಕಂಡಿಲ್ಲ. ಗಂಡಸರೇ ತುಂಬಿದ ಆ ವರಾಂಡದಲ್ಲಿ ಮಗುವನ್ನು ಕಂಕುಳಲ್ಲಿ ಹೊತ್ತು ಬಂದು ಕೂರುವ ಧೈರ್ಯ ಯಾರಿಗಿದೆ? ಅವರಿಗೊಂದು ಬೇರೆ ಹೊತ್ತು, ಬೇರೆ ಕೋಣೆ ಬೇಕು.

ಪೂಜ್ಯರೇ, ತಮ್ಮನ್ನು ತಪ್ಪಿಸಿದವನಿಗೆ ಯಾರೂ ಒಂದು ಫೋನ್ ಮಾಡುವುದಿಲ್ಲ. ಚೀಟಿ ಮಾಡಿಸುವಾಗ ಮೊಬೈಲ್ ನಂಬರು ಬರೆಸಿಕೊಳ್ಳುತ್ತಾರೆ, ಕಂಪ್ಯೂಟರಿಗೂ ಹಾಕುತ್ತಾರೆ. ಒಂದು ಕಂತು ತಪ್ಪಿದರೆ ಫೈನಾನ್ಸಿನವರು ಮನೆ ಬಾಗಿಲಿಗೆ ಬರುತ್ತಾರೆ. ಮಗುವಿನ ಲಸಿಕೆ ತಪ್ಪಿದರೆ ಆಶಾ ಕಾರ್ಯಕರ್ತೆ ಬಂದು ಕೇಳುತ್ತಾಳೆ. ಕುಡಿತದ ರೋಗಿ ಬಾರದಿದ್ದರೆ ಮಾತ್ರ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ 1965ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಮ್ಮೆ ಬಂದುಹೋದ ಕುಡಿತದ ರೋಗಿಗಳಲ್ಲಿ ಕೆಲವರಿಗೆ ‘ನಿಮ್ಮ ಬಗ್ಗೆ ಕಾಳಜಿಯಿದೆ, ಮತ್ತೆ ಬನ್ನಿ’ ಎಂದು ಒಂದು ಕಾಗದ ಬರೆದರು. ಕಾಗದ ಬಂದವರಲ್ಲಿ ನೂರಕ್ಕೆ 50 ಜನ, ಬಾರದವರಲ್ಲಿ 31 ಜನ ಮತ್ತೆ ಬಂದರು. ಎರಡು ವರ್ಷದ ನಂತರ ಅದೇ ಸಂಶೋಧಕರು ಫೋನ್ ಮಾಡಿ ನೋಡಿದರು: ಫೋನ್ ಬಂದವರಲ್ಲಿ ನೂರಕ್ಕೆ 44 ಜನ ಮತ್ತೆ ಬಂದರು, ಬಾರದವರಲ್ಲಿ 8. ಒಂದೇ ಒಂದು ಕರೆ. ಅದಾಗಿ ಅರ್ಧ ಶತಮಾನ ಕಳೆದು, ಎಲ್ಲರ ಜೇಬಿನಲ್ಲೂ ಫೋನು ಬಂದಿರುವ ಕಾಲದಲ್ಲಿ, ತಾವು ಚೀಟಿಯ ಮೂಲೆಯಿಂದ ಅಲುಗಾಡಿಲ್ಲ.

ಮತ್ತೆ ಬಂದದ್ದಕ್ಕೆ ಏನಾದರೂ ಕೈಗಿಟ್ಟರೆ? ಇದನ್ನು ಹೇಳಿದರೆ ಸಿಟ್ಟಾಗುವವರಿದ್ದಾರೆ. ಅಮೆರಿಕದ ವರ್ಮಾಂಟ್‌ನಲ್ಲಿ ಸ್ಟೀಫನ್ ಹಿಗಿನ್ಸ್ ಕೊಕೇನ್ ವ್ಯಸನಿಗಳಿಗೆ, ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಕಾಣದಿದ್ದರೆ ಸಾಮಾನು ಕೊಳ್ಳುವ ಕೂಪನ್ ಕೊಟ್ಟರು. 1994ರ ಅವರ ವರದಿಯಂತೆ 24 ವಾರದ ಚಿಕಿತ್ಸೆ ಮುಗಿಸಿದವರು ಕೂಪನ್ ಇದ್ದಲ್ಲಿ ನೂರಕ್ಕೆ 75, ಇಲ್ಲದಲ್ಲಿ 40. ಕನೆಕ್ಟಿಕಟ್‌ನ ನ್ಯಾನ್ಸಿ ಪೆಟ್ರಿ ಅದನ್ನು ಇನ್ನೂ ಅಗ್ಗ ಮಾಡಿದರು. ಬೋಗುಣಿಯಲ್ಲಿ ಚೀಟಿಗಳು, ಕುಡಿಯದೆ ಬಂದವರು ಎತ್ತಬೇಕು. ಕೆಲವು ಚೀಟಿಯಲ್ಲಿ ಬಹುಮಾನವಿರುವುದಿಲ್ಲ, ಹಲವದರಲ್ಲಿ ಚಿಕ್ಕಪುಟ್ಟ ವಸ್ತು, ಒಂದರಲ್ಲಿ ದೊಡ್ಡ ಬಹುಮಾನ. ಕುಡಿತದ ರೋಗಿಗಳಲ್ಲಿ ಎಂಟು ವಾರ ಉಳಿದವರು ಇಲ್ಲಿ ನೂರಕ್ಕೆ 84, ಎಂದಿನ ಚಿಕಿತ್ಸೆಯಲ್ಲಿ 22. ‘ಕುಡಿಯದೆ ಇರೋದಕ್ಕೆ ಬಹುಮಾನ ಬೇರೆಯಾ? ನಾವು ಕುಡಿಯಲ್ಲ, ನಮಗ್ಯಾರು ಕೊಡ್ತಾರೆ?’ ಎಂದು ನಾನು ಪಾಠ ಮಾಡುವ ಶಾಲೆಯ ಸ್ಟಾಫ್ ರೂಮಿನಲ್ಲೇ ಕೇಳಿದರು. ಶಾಲೆಯಲ್ಲಿ ಹಾಜರಿಗೆ ಬಿಸಿಯೂಟ, ಹಾಲು, ಮೊಟ್ಟೆ ಕೊಡುವವರು ನಾವೇ. ಕೊಟ್ಟದ್ದರಿಂದ ಮಕ್ಕಳು ಬಂದರು, ಬಂದದ್ದರಿಂದ ಓದಿದರು. 2025-26ರ ಬಜೆಟ್ಟಿನಲ್ಲಿ ನಮ್ಮ ರಾಜ್ಯ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಅದರಲ್ಲಿ ನನ್ನ ತಮ್ಮನ ಪಾಲೂ ಇದೆ. ಅವನ ಬಸ್ ಚಾರ್ಜು, ಒಂದು ಊಟ, ಮಗನಿಗೊಂದು ನೋಟ್ ಪುಸ್ತಕ ಅವನ ದುಡ್ಡಿನಲ್ಲೇ ಅವನಿಗೆ ಕೊಟ್ಟಂತೆ. ನನಗಿದರಲ್ಲಿ ಎಳ್ಳಷ್ಟೂ ತಪ್ಪು ಕಾಣುವುದಿಲ್ಲ.

ತಾವಿಲ್ಲದೆಯೂ ಜನ ಮತ್ತೆ ಮತ್ತೆ ಸೇರುವ ಜಾಗಗಳಿವೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿಸಿದವರನ್ನು ಅಷ್ಟಕ್ಕೇ ಬಿಡದೆ ‘ನವಜೀವನ ಸಮಿತಿ’ ಎಂದು ಕಟ್ಟಿ, ಅವರವರ ಊರಲ್ಲೇ ಕೂಡಿ ಕೂರುವಂತೆ ಮಾಡುತ್ತಾರೆ. ಶಿಬಿರಗಳ ಭಜನೆ, ಪ್ರತಿಜ್ಞೆ ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಬಾರದವನ ಮನೆಗೆ ಹೋಗಿ ‘ಯಾಕಪ್ಪಾ ಬರ್ಲಿಲ್ಲ’ ಎಂದು ಕೇಳುವ ಜನ ಅಲ್ಲಿದ್ದಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಹಾಗೇ. ಸಂಜೆ ಹೊತ್ತು, ಚೀಟಿಯಿಲ್ಲ, ಜಾರಿದವನಿಗೂ ಕುರ್ಚಿ ಇರುತ್ತದೆ. ಪಕ್ಕದ ಗೋವಾದಲ್ಲಿ ಡಾಕ್ಟರ್ ಓದು ಓದದ ಸ್ಥಳೀಯರನ್ನೇ ತರಬೇತು ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದ್ದರು. ಅವರು ಹೆಚ್ಚೆಂದರೆ ನಾಲ್ಕು ಸಲ ಮಾತಾಡಿಸಿದವರಲ್ಲಿ ಮೂರು ತಿಂಗಳ ನಂತರ ನೂರಕ್ಕೆ 36 ಜನರ ಕುಡಿತ ಅಪಾಯದ ಮಟ್ಟದಿಂದ ಇಳಿದಿತ್ತು, ಎಂದಿನ ಚಿಕಿತ್ಸೆಯಲ್ಲಿ 26. ಇದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ. ಅಂಥವರನ್ನು ತಯಾರು ಮಾಡುವುದು ನಮ್ಮ ತಾಲ್ಲೂಕಿನಲ್ಲಿ ಆಗದ ಕೆಲಸವಲ್ಲ. ಹತ್ತನೇ ತರಗತಿ ಓದಿದ, ಮನುಷ್ಯರನ್ನು ಕಂಡರೆ ಕನಿಕರವಿರುವ ಹುಡುಗ ಹುಡುಗಿಯರು ಪ್ರತಿ ಊರಲ್ಲಿದ್ದಾರೆ.

ನನ್ನ ತಮ್ಮನ ಸುದ್ದಿ ಕೇಳುವಿರಾದರೆ, ಅವನು ಬರುತ್ತಾನೆ, ತಪ್ಪಿಸುತ್ತಾನೆ, ಮತ್ತೆ ಬರುತ್ತಾನೆ. ಮೊದಲಿನಷ್ಟು ಕುಡಿಯುವುದಿಲ್ಲ. ತಿಂಗಳುಗಟ್ಟಲೆ ಮುಟ್ಟದೆ ಇದ್ದದ್ದೂ ಇದೆ. ಅಂಗಡಿ ನಡೆಯುತ್ತಿದೆ. ‘ಅವನಿಗೇ ಮನಸ್ಸಿಲ್ಲ, ನೀವೇನು ಮಾಡ್ತೀರಿ ಮೇಡಂ’ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆ ಸಮಾಧಾನ ನನಗೆ ಬೇಡ. ಅವನಿಗೆ ಮನಸ್ಸಿದೆ. ನಡುಗುವ ಕೈಯಲ್ಲಿ ಚೀಟಿ ಹಿಡಿದು ಸಂತೆಯ ದಿನ ಅಂಗಡಿ ಬಾಗಿಲು ಹಾಕಿ ಬರುವವನಿಗೆ ಇನ್ನೆಷ್ಟು ಮನಸ್ಸಿರಬೇಕು? ಆ ಮನಸ್ಸನ್ನು ಹದಿನೈದು ದಿನ ಬಾಡದಂತೆ ಕಾಯುವ ಜನ ಆಸ್ಪತ್ರೆಯಲ್ಲಿಲ್ಲ, ಇದ್ದವರನ್ನು ಉಳಿಸಿಕೊಳ್ಳಲಿಲ್ಲ. ತಪ್ಪನ್ನು ರೋಗಿಯ ಮೇಲೆ ಬರೆದುಬಿಟ್ಟರೆ ಯಾರಿಗೂ ಖರ್ಚಿಲ್ಲ.

ಆದ್ದರಿಂದ ತಮ್ಮಲ್ಲಿ ಅರಿಕೆ. ತಾವು ಒಂಟಿಯಾಗಿ ಬರಬೇಡಿ. ತಮ್ಮ ಪಕ್ಕದಲ್ಲಿ ಒಬ್ಬರ ಹೆಸರು, ಒಂದು ಫೋನ್ ನಂಬರು ಇರಲಿ. ತಾವು ದಾಟಿದ ಮಾರನೆಯ ದಿನ ಆ ನಂಬರಿನಿಂದ ರೋಗಿಗೆ ಕರೆ ಬರಲಿ. ಕೌನ್ಸೆಲರ್ ಹುದ್ದೆಯನ್ನು ಕಾಯಂ ಮಾಡಿ ಎಂದು ಆರೋಗ್ಯ ಇಲಾಖೆಗೆ ನಮ್ಮ ಪರವಾಗಿ ತಾವೂ ಹೇಳಿ, ನಾವು ಹೇಳಿ ಸೋತಿದ್ದೇವೆ.

ಕೊನೆಯದಾಗಿ ಈ ಪತ್ರ ಓದುತ್ತಿರುವವರಿಗೆ. ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾರಾದರೂ ತಾರೀಖು ದಾಟಿಸಿ, ಮುಖ ತೋರಿಸಲಾರದೆ ಕೂತಿದ್ದರೆ ಮುಂದಿನ ತಾರೀಖಿಗೆ ಕಾಯಬೇಡಿ, ಹಳೆಯ ಚೀಟಿಯನ್ನೇ ತೆಗೆದುಕೊಂಡು ಕರೆದುಕೊಂಡು ಹೋಗಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳೂ ಸೇರಿವೆ, ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದು ಅವರ ಹಕ್ಕು. ಹೋಗಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇಂತಿ ತಮ್ಮ ವಿಧೇಯಳು,
ಬೆಂಚಿನ ಮೇಲೆ ಕಾದು ಕೂರುವವರಲ್ಲಿ ಒಬ್ಬಳು